ಓದಿನಲ್ಲಿ ಹಿಂದುಳಿಯುವ ಮಕ್ಕಳು ಮತ್ತು ಶಿಕ್ಷಕರ ತರಬೇತಿ: ಒಂದು ವಿವೇಚನೆ

ಪ್ರತಿ ಮಗುವಿನ ಕಲಿಕಾ ಸಾಮರ್ಥ್ಯವನ್ನು ಅರಿತು, ಬೇಕಾದವರಿಗೆ ಹೆಚ್ಚುವರಿ ಬೋಧನೆ ಕೊಡುವುದು ಶಿಕ್ಷಕರ ಕರ್ತವ್ಯವೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಕಲಂ ಹೇಳುತ್ತದೆ. ಆದರೆ ಎಡವುತ್ತಿರುವ ಮಗುವನ್ನು ಬೇಗ ಗುರುತಿಸುವುದು ಹೇಗೆ?

ಕನ್ನಡದ ಮಟ್ಟಿಗೆ ಉತ್ತರ ಲಿಪಿಯಿಂದಲೇ ಹೊರಡಬೇಕು. ಕಾಗುಣಿತ, ಒತ್ತಕ್ಷರಗಳು ಸೇರಿದರೆ ಮಗು ಕಲಿಯಬೇಕಾದ ಅಕ್ಷರರೂಪಗಳು ನೂರಾರು. ಅಕ್ಷರಜ್ಞಾನ ನಾಲ್ಕನೇ ತರಗತಿಯವರೆಗೂ ಬೆಳೆಯುತ್ತಲೇ ಇರುತ್ತದೆಂದು ಸಂಶೋಧಕಿ ಸೋನಾಲಿ ನಾಗ್ ಅವರ 2007ರ ಅಧ್ಯಯನ ತೋರಿಸಿದೆ. ಎರಡನೇ ತರಗತಿಯ ಮಗು ‘ಹಣ್ಣು’ ಎಂಬುದನ್ನು ‘ಹಣು’ ಎಂದು ಓದಿದರೆ ಅದು ಕಲಿಕೆಯ ಸಹಜ ಘಟ್ಟವಿರಬಹುದು. ಆದರೆ ನಮ್ಮ ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ಪದ್ಧತಿಯಾದ ನಲಿ-ಕಲಿಯಲ್ಲಿ ಮೊದಲಿಗೇ ಬರುವ ರ, ಗ, ಸ, ದಗಳಲ್ಲೇ ಮಗು ತಡವರಿಸುತ್ತಿದ್ದರೆ ಕಾಯುತ್ತ ಕೂರುವಂತಿಲ್ಲ. ಈ ವ್ಯತ್ಯಾಸ ಕಾಣದ ಕಡೆ ಒಂದು ಮಗುವಿಗೆ ‘ದಡ್ಡ’ ಎಂಬ ಹಣೆಪಟ್ಟಿ ಬೀಳುತ್ತದೆ, ನೆರವು ಬೇಕಿದ್ದ ಮತ್ತೊಂದು ಮಗು ಕಣ್ತಪ್ಪಿಹೋಗುತ್ತದೆ. ಇಂಗ್ಲಿಷ್ ಓದಿಗಾಗಿ ಸಿದ್ಧವಾದ ತಪಾಸಣಾ ಪಟ್ಟಿಯ ಅನುವಾದದಿಂದ ಈ ವಿವೇಕ ಬರಲಾರದು. ಮಕ್ಕಳ ತಪ್ಪುಗಳನ್ನು ಬರೆದಿಟ್ಟುಕೊಂಡು ಅವುಗಳ ಜಾಡು ಹಿಡಿಯುವ ಅಭ್ಯಾಸವೇ ತರಬೇತಿಯ ತಿರುಳಾಗಬೇಕು.

ಹಾಗೆಂದು ತರಬೇತಿಯೊಂದೇ ಸಾಕೆ? ಅರ್ಥಶಾಸ್ತ್ರಜ್ಞ ಅಭಿಜಿತ್ ಬ್ಯಾನರ್ಜಿ ಮತ್ತು ಸಂಗಡಿಗರು ಪ್ರಥಮ್ ಎಂಬ ಸ್ವಯಂಸೇವಾ ಶಿಕ್ಷಣ ಸಂಸ್ಥೆಯ ಕಾರ್ಯಕ್ರಮಗಳ ಮೇಲೆ ನಡೆಸಿದ ಪರೀಕ್ಷೆಗಳು ಇಲ್ಲಿ ಬಹಳ ಮುಖ್ಯ. ಬಿಹಾರದಲ್ಲಿ ತರಬೇತಿ ಮತ್ತು ಸಾಮಗ್ರಿ ಪಡೆದ ಸರ್ಕಾರಿ ಶಿಕ್ಷಕರಿಂದ ಶಾಲಾ ದಿನಗಳಲ್ಲಿ ಹೇಳಿಕೊಳ್ಳುವಂಥ ಫಲ ಬರಲಿಲ್ಲ. ಸರ್ಕಾರಿ ಶಿಕ್ಷಕರೇ ಬೇಸಿಗೆ ಶಿಬಿರದಲ್ಲಿ ಕಲಿಸಿದಾಗ ಮಕ್ಕಳು ಸುಧಾರಿಸಿದರು. ಅಂದಮೇಲೆ ಕೊರತೆ ಶಿಕ್ಷಕರ ಸಾಮರ್ಥ್ಯದಲ್ಲಿರಲಿಲ್ಲ. ಪಠ್ಯ ಮುಗಿಸುವ ಒತ್ತಡ ಅವರ ಕೈ ಕಟ್ಟಿತ್ತು ಎಂಬುದು ನನ್ನ ಗ್ರಹಿಕೆ. 2012-13ರಲ್ಲಿ ಹರಿಯಾಣದಲ್ಲಿ ದಿನಕ್ಕೊಂದು ಗಂಟೆಯನ್ನು ಮಕ್ಕಳ ಮಟ್ಟಕ್ಕೆ ತಕ್ಕ ಬೋಧನೆಗೆಂದೇ ಮೀಸಲಿಟ್ಟರು. ತರಗತಿಯನ್ನು ಬದಿಗಿಟ್ಟು ಕಲಿಕಾ ಮಟ್ಟಕ್ಕೆ ತಕ್ಕಂತೆ ಮಕ್ಕಳನ್ನು ಗುಂಪು ಮಾಡಿದರು. ಮೇಲ್ವಿಚಾರಕರು ಮೊದಲು ತಾವೇ ಮಕ್ಕಳಿಗೆ ಪಾಠ ಮಾಡಿ ಪಳಗಿದರು. ಹಿಂದಿ ಓದು ಸುಧಾರಿಸಿತು. ಗಣಿತದಲ್ಲಿ ಅಂಥ ಪರಿಣಾಮ ಕಾಣಲಿಲ್ಲ.

ಕರ್ನಾಟಕಕ್ಕೆ ಈ ದಾರಿ ಹೊಸತೇನಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿ-ಕಲಿಯ ಕಲಿಕಾ ಏಣಿ, ಯಾವ ಮಗು ಯಾವ ಮೆಟ್ಟಿಲಲ್ಲಿದೆಯೆಂದು ತೋರಿಸುವ ಸಾಧನವೇ. ನಮ್ಮಲ್ಲಿ ಸಿಆರ್‌ಪಿಗಳ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳ) ಜಾಲವೂ ಇದೆ. ಅವರ ಶಾಲಾ ಭೇಟಿಯ ಹೊತ್ತು ದಾಖಲೆ ಪರಿಶೀಲನೆಗಿಂತ ಹೆಚ್ಚಾಗಿ, ಶಿಕ್ಷಕರ ಜೊತೆ ಕೂತು ನಾಲ್ಕಾರು ಮಕ್ಕಳ ಓದು ಕೇಳಿಸಿಕೊಳ್ಳುವುದಕ್ಕೆ ಸಲ್ಲಬೇಕು. ಮುಂದಿನ ವಾರ ಯಾರಿಗೆ ಏನು ಕಲಿಸಬೇಕೆಂಬುದು ಆ ಭೇಟಿಯಲ್ಲೇ ತೀರ್ಮಾನವಾಗಬೇಕು.