ಉತ್ತರ ಬೆಂಗಳೂರಿನ ಹರೆಯದವರ ಇಂಗ್ಲಿಷ್‌ನಲ್ಲಿ ಹಿಪ್‌ಹಾಪ್ ನುಡಿ

ಯಲಹಂಕ, ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರ ಸುತ್ತಿನ ಹೈಸ್ಕೂಲು, ಕಾಲೇಜು ಹುಡುಗ ಹುಡುಗಿಯರು ಇಂಗ್ಲಿಷ್ ಆಡುವಾಗ ಅಮೆರಿಕದ ರ‍್ಯಾಪ್ ಹಾಡುಗಳ ಮಾತನ್ನು ಬೆರೆಸುವ ರೂಢಿ. ಯೋ, ಬ್ರೋ, ಹೋಮಿ, ಡೋಪ್, ಸ್ವ್ಯಾಗ್, ಲಿಟ್, ಫ್ಲೆಕ್ಸ್, ನೋ ಕ್ಯಾಪ್ ಬೇರೆ ಬೇರೆ ಕಾಲದಲ್ಲಿ ಬಂದು ಸೇರಿದ ಮಾತುಗಳು. ಹೋಮಿಯಂಥ ಕೆಲವು ಈಗಾಗಲೇ ಹಳತಾಗಿವೆ. ಈ ರೂಢಿ ಊರಿನ ಉತ್ತರಕ್ಕಷ್ಟೇ ಸೇರಿದ್ದಲ್ಲ, ಜಯನಗರದಲ್ಲೂ ಮೈಸೂರಿನಲ್ಲೂ ಕಿವಿಗೆ ಬೀಳುತ್ತದೆ. ಆದರೆ ಹಲವು ರಾಜ್ಯಗಳ ವಿದ್ಯಾರ್ಥಿಗಳು, ಆಫ್ರಿಕಾದ ದೇಶಗಳಿಂದ ಓದಲು ಬಂದವರು, ಕನ್ನಡ, ತಮಿಳು, ತೆಲುಗು, ದಖನಿ ಆಡುವ ಹಳೆಯ ಬಡಾವಣೆಯವರು ಒತ್ತೊತ್ತಾಗಿ ಬದುಕುವ ಉತ್ತರ ಬೆಂಗಳೂರಿನಲ್ಲಿ ನಿಂತು ನೋಡಿದರೆ ಇದರ ಚರಿತ್ರೆ ಚೆನ್ನಾಗಿ ಕಾಣುತ್ತದೆ. ಇದನ್ನು ಬರಿಯ ಅನುಕರಣೆ ಎಂದು ತಳ್ಳಿಹಾಕುವವರು ಅರ್ಧವನ್ನಷ್ಟೇ ನೋಡಿದ್ದಾರೆ. ಇಂಗ್ಲಿಷ್‌ನಲ್ಲಿ ಶುರುವಾದ ನಕಲು ಕೆಲವೇ ವರ್ಷಗಳಲ್ಲಿ ಕನ್ನಡದಲ್ಲೇ ರ‍್ಯಾಪ್ ಕಟ್ಟುವವರ ಒಂದು ತಲೆಮಾರಿಗೆ ದಾರಿಯಾಯಿತು.

ಮಾತಿನ ಮೂಲ

1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಜಮೈಕಾದಿಂದ ಬಂದು ನೆಲೆಸಿದ ಕುಟುಂಬದ ಡಿಜೆ ಕೂಲ್ ಹರ್ಕ್ ತನ್ನ ತಂಗಿ ಏರ್ಪಡಿಸಿದ್ದ ಪಾರ್ಟಿಯಲ್ಲಿ ರೆಕಾರ್ಡು ನುಡಿಸಿದ. ಹಿಪ್‌ಹಾಪ್‌ನ ಹುಟ್ಟುದಿನವೆಂದು ಆಚರಿಸುವುದು ಆ ದಿನವನ್ನೇ. ಆ ತಾಳದ ಮೇಲೆ ಪ್ರಾಸ ಕಟ್ಟಿ ಆಡಿದ ಮಾತು ಶಾಲೆಯ ಇಂಗ್ಲಿಷ್ ಆಗಿರಲಿಲ್ಲ. ಗುಲಾಮಗಿರಿಯ ಕಾಲದಿಂದ ಕಪ್ಪು ಅಮೆರಿಕನ್ನರು ಬೆಳೆಸಿಕೊಂಡು ಬಂದ ಅವರದೇ ಇಂಗ್ಲಿಷ್ ಅದು. ಶಾಲೆಗಳು ಅದನ್ನು ಕೆಟ್ಟ ಭಾಷೆ ಎನ್ನುತ್ತಿದ್ದಾಗ ಭಾಷಾವಿಜ್ಞಾನಿ ವಿಲಿಯಂ ಲಬೋವ್ 1972ರ ತಮ್ಮ ಪುಸ್ತಕದಲ್ಲಿ ಅದಕ್ಕೂ ಕಟ್ಟುನಿಟ್ಟಾದ ವ್ಯಾಕರಣವಿದೆ ಎಂದು ತೋರಿಸಿಕೊಟ್ಟರು.

ಕನ್ನಡ ಬಲ್ಲವರಿಗೆ ಆ ವ್ಯಾಕರಣದ ಒಂದು ಅಂಶ ಬೇಗ ಅರ್ಥವಾಗುತ್ತದೆ. ‘ಅವನು ನನ್ನ ಗೆಳೆಯ’ ಎಂಬ ನಮ್ಮ ವಾಕ್ಯದಲ್ಲಿ ಕ್ರಿಯಾಪದವಿಲ್ಲ. ಕಪ್ಪು ಅಮೆರಿಕನ್ನರ ನುಡಿಯಲ್ಲೂ ಇಂಥ ಕಡೆ ‘ಈಸ್’ ಬಿಟ್ಟು ‘ಹಿ ಮೈ ಫ್ರೆಂಡ್’ ಎನ್ನಬಹುದು. ಬಿಡುವುದಕ್ಕೂ ನಿಯಮವುಂಟು: ‘ಐ ಆ್ಯಮ್’ ಎನ್ನುವಲ್ಲಿ ಬಿಡುವುದಿಲ್ಲ, ವಾಕ್ಯದ ಕೊನೆಯಲ್ಲಿ ಬಂದರೆ ಬಿಡುವುದಿಲ್ಲ. ಬೆಂಗಳೂರಿನ ಹುಡುಗರು ತೆಗೆದುಕೊಂಡದ್ದು ಪದಗಳನ್ನು, ಕರೆಯುವ ಧಾಟಿಯನ್ನು, ಕೈಸನ್ನೆಯನ್ನು, ಈ ವ್ಯಾಕರಣವನ್ನಲ್ಲ. ‘ದಟ್ ಟ್ರ್ಯಾಕ್ ಈಸ್ ಡೋಪ್ ಮಗಾ’ ಎಂಬ ಮಾತಿನಲ್ಲಿ ಡೋಪ್ ಒಂದೇ ನ್ಯೂಯಾರ್ಕಿನದು. ವಾಕ್ಯ ಕಾನ್ವೆಂಟ್ ಶಾಲೆಯದು, ಕೊನೆಯ ‘ಮಗಾ’ ನಮ್ಮ ಬೀದಿಯದು. ಹರೆಯದವರು ತಮ್ಮದಲ್ಲದ ಗುಂಪಿನ ನುಡಿಯನ್ನು ಸ್ನೇಹಕ್ಕೂ ಆಟಕ್ಕೂ ಬಳಸುವ ಬಗೆಯನ್ನು ಬೆನ್ ರ‍್ಯಾಂಪ್ಟನ್ ಇಂಗ್ಲೆಂಡಿನ ಹುಡುಗರ ನಡುವೆ ಗಮನಿಸಿ 1995ರಲ್ಲಿ ಪುಸ್ತಕವಾಗಿಸಿದರು. ಬೆಂಗಳೂರಿನದು ಅದೇ ಜಾತಿಯ ಬಳಕೆ. ವ್ಯತ್ಯಾಸವೆಂದರೆ ಇಲ್ಲಿಯವರಿಗೆ ಆ ಗುಂಪಿನ ಒಡನಾಟವಿರಲಿಲ್ಲ, ಹಾಡು ಮಾತ್ರ ಇತ್ತು.

ಬೆಂಗಳೂರಿಗೆ ಬಂದ ದಾರಿ

ಹೊರಗಿನ ಇಂಗ್ಲಿಷ್ ಹಾಡನ್ನು ಹಿಡಿದು ಊರಿನ ಮಾತಿಗೆ ಬಗ್ಗಿಸುವುದು ಈ ನಗರಕ್ಕೆ ಹೊಸತಲ್ಲ. 1809ರಲ್ಲಿ ದಂಡು ಪ್ರದೇಶ ನೆಲೆಗೊಂಡ ಮೇಲೆ ಸಿಪಾಯಿಗಳ ಇಂಗ್ಲಿಷ್ ಪೇಟೆಯ ಕನ್ನಡದ ಪಕ್ಕದಲ್ಲೇ ಕೇಳಿಸುತ್ತಿತ್ತು. ಟಿ.ಪಿ. ಕೈಲಾಸಂ ಬ್ರಿಟಿಷ್ ಸೈನಿಕರ ಬಾಯಲ್ಲಿದ್ದ ಟಿಪ್ಪರೇರಿ ಹಾಡಿನ ಧಾಟಿಯಲ್ಲಿ ತಿಪ್ಪಾರಳ್ಳಿಯ ಹಾಡು ಕಟ್ಟಿದರು. ಇಂಗ್ಲಿಷ್ ಬೆರೆತ ಅವರ ನಾಟಕಗಳ ಕನ್ನಡವನ್ನು ಪಂಡಿತರು ಮೊದಲು ಒಪ್ಪಲಿಲ್ಲ, ಪ್ರೇಕ್ಷಕರು ಒಪ್ಪಿದರು. ಇಂದಿನ ಹುಡುಗರ ಬೆರಕೆ ಮಾತಿಗೆ ಹಿರಿಯರನ್ನು ಹುಡುಕುವುದಾದರೆ ಕೈಲಾಸಂ ಅವರಿಂದಲೇ ಆರಂಭಿಸಬೇಕು.

ರ‍್ಯಾಪ್ ಮೊದಲು ಬಂದದ್ದು ಕ್ಯಾಸೆಟ್ಟು, ಸಿನಿಮಾಗಳಲ್ಲಿ. ಬಾಬಾ ಸೆಹಗಲ್ ಅವರ ಹೆಸರಾದ ಹಿಂದಿ ರ‍್ಯಾಪ್ ಆಲ್ಬಂ ಬಂದದ್ದು 1992ರಲ್ಲಿ. ಮೈಸೂರಿನಲ್ಲಿ ಹುಟ್ಟಿದ ಪ್ರಭುದೇವ ಕುಣಿದ ‘ಕಾದಲನ್’ ಚಿತ್ರದ ಪೇಟೆ ರ‍್ಯಾಪ್ 1994ರದು. ಉಪಗ್ರಹ ವಾಹಿನಿಗಳು ಅಮೆರಿಕದ ವಿಡಿಯೊಗಳನ್ನು ಮನೆಯೊಳಗೆ ತಂದವು. 2001ರ ಜುಲೈ 3ರಂದು ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ ರೇಡಿಯೊ ಸಿಟಿ ಬೆಂಗಳೂರಿನಲ್ಲೇ ಶುರುವಾಯಿತು. ಎಮಿನೆಮ್ ನಟಿಸಿದ ‘8 ಮೈಲ್’ 2002ರಲ್ಲಿ ಬಂತು. ಎದುರಾಳಿಯನ್ನು ಪ್ರಾಸದಲ್ಲಿ ಹಣಿಯುವ ಕಾಳಗವನ್ನು ಎಷ್ಟೋ ಹುಡುಗರು ಮೊದಲು ಕಂಡದ್ದು ಅದರಲ್ಲಿ.

ಮುಂದಿನ ಹೆಜ್ಜೆ ಆರ್ಕುಟ್. 2004ರಲ್ಲಿ ಆರಂಭವಾದ ಈ ತಾಣದಲ್ಲಿ ಭಾರತದ ಹುಡುಗರು ರ‍್ಯಾಪ್ ಕಾಳಗವನ್ನು ಬರವಣಿಗೆಯಲ್ಲಿ ನಡೆಸುತ್ತಿದ್ದರು: ಒಬ್ಬ ಸಾಲು ಬರೆದು ಹಾಕಿದರೆ ಇನ್ನೊಬ್ಬ ಅದಕ್ಕೆ ಎದುರು ಸಾಲು ಕಟ್ಟಬೇಕು. ಉತ್ತರ ಕರ್ನಾಟಕದ ಲಾವಣಿ ಮೇಳಗಳಲ್ಲಿ ಹರದೇಶಿ, ನಾಗೇಶಿ ಪಕ್ಷಗಳು ರಾತ್ರಿಯಿಡೀ ಸವಾಲು ಜವಾಬು ಹಾಡಿದ ಹಾಗೆಯೇ ಇದು, ಆಡುವ ಭಾಷೆ ಮಾತ್ರ ಅಮೆರಿಕದ್ದು. ಬ್ರೋಧ ವಿ ಎಂದು ಹೆಸರಾದ ವಿಘ್ನೇಶ್ ಶಿವಾನಂದ್, ಸ್ಮೋಕಿ ದ ಘೋಸ್ಟ್ ಎಂಬ ಸುಮುಖ್ ಮೈಸೂರು ಈ ಬಗೆಯ ಬರಹದ ಕಾಳಗಗಳಿಂದಲೇ ಮೇಲೆ ಬಂದವರು. ಬಿಗ್ ನಿಕ್ ಜೊತೆಗೂಡಿ ಅವರು ಕಟ್ಟಿದ ತಂಡ ಮಚ್ಚಾಸ್ ವಿತ್ ಆಟಿಟ್ಯೂಡ್.

ಆ ಹೆಸರನ್ನು ಕೊಂಚ ನಿಧಾನವಾಗಿ ನೋಡಬೇಕು. ಅದು 1980ರ ದಶಕದ ಕ್ಯಾಲಿಫೋರ್ನಿಯಾದ ಎನ್.ಡಬ್ಲ್ಯು.ಎ. ತಂಡದ ಹೆಸರಿನ ಅಚ್ಚಿನಲ್ಲಿ ಎರಕ ಹೊಯ್ದದ್ದು. ಮೂಲದ ಮೊದಲ ಪದ ಕಪ್ಪು ಜನರನ್ನು ಬೈಯಲು ಬಿಳಿಯರು ಬಳಸುತ್ತಿದ್ದ ಶಬ್ದ. ಅದನ್ನು ತಮ್ಮದಾಗಿಸಿಕೊಂಡು ತಿರುಗಿ ಆಡುವ ಹಕ್ಕು ಆ ನೋವುಂಡವರದು. ಬೆಂಗಳೂರಿನವರು ಅದನ್ನು ಮುಟ್ಟದೆ ಆ ಜಾಗದಲ್ಲಿ ‘ಮಚ್ಚಾ’ ಇಟ್ಟರು. ತಮಿಳಿನ ನೆಂಟಸ್ತಿಕೆಯ ಪದವಾಗಿ ಬಂದು, ಕನ್ನಡ, ತೆಲುಗು, ಉರ್ದು ಮನೆಗಳ ಹುಡುಗರೂ ಒಬ್ಬರನ್ನೊಬ್ಬರು ಕರೆಯುವ ಮಾತಾದ ಪದ ಅದು. ನುಡಿಯೊಂದನ್ನು ಸಾಲ ತರುವಾಗ ಯಾವುದನ್ನು ಬಿಡಬೇಕು ಎಂಬ ವಿವೇಕ ಆ ಹೆಸರಿನಲ್ಲಿದೆ. ಬ್ರೋಧ ವಿ 2012ರಲ್ಲಿ ಹೊರತಂದ ‘ಆತ್ಮ ರಾಮ’ ಇಂಗ್ಲಿಷ್ ರ‍್ಯಾಪ್ ಆಗಿಯೂ ರಾಮಭಜನೆಯ ನೆಲದ ಮೇಲೆ ನಿಂತಿತು.

ಉತ್ತರ ಬೆಂಗಳೂರು

ಹೆಬ್ಬಾಳದಲ್ಲಿ ಸಿಕ್ಕ ಕಿಟ್ಟಯ್ಯನ ವೀರಗಲ್ಲಿನ ಬರಹ ಸುಮಾರು ಕ್ರಿ.ಶ. 750ರದು, ಬೆಂಗಳೂರಿನಲ್ಲಿ ದೊರೆತ ಕನ್ನಡ ಶಾಸನಗಳಲ್ಲೇ ಹಳೆಯದು. ಇಷ್ಟು ಹಳೆಯ ಕನ್ನಡದ ನೆಲಕ್ಕೆ ಕಳೆದ ಮೂರ್ನಾಲ್ಕು ದಶಕಗಳಲ್ಲಿ ಕಾಲೇಜುಗಳು ಸಾಲುಗಟ್ಟಿ ಬಂದವು. ಸರ್ ಎಂ.ವಿ. ತಾಂತ್ರಿಕ ಕಾಲೇಜು 1986ರಲ್ಲಿ, ಯಲಹಂಕದ ನಿಟ್ಟೆ ಮೀನಾಕ್ಷಿ 2001ರಲ್ಲಿ, ಬಿಎಂಎಸ್ ತಾಂತ್ರಿಕ ಕಾಲೇಜು 2002ರಲ್ಲಿ ಆರಂಭವಾದವು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಬಳ್ಳಾರಿ ರಸ್ತೆಯ ಎರಡೂ ಬದಿ ಪಿ.ಜಿ.ಗಳು, ಅಪಾರ್ಟ್‌ಮೆಂಟುಗಳು ಎದ್ದವು. ಬಿಹಾರದವನೂ ಮಣಿಪುರದವಳೂ ಕೋಲಾರದವನೂ ಒಂದೇ ಬೆಂಚಿನಲ್ಲಿ ಕುಳಿತಾಗ ಅವರಿಗೆ ಬೇಕಾದದ್ದು ಪಾಠದ ಇಂಗ್ಲಿಷ್ ಅಲ್ಲ, ಗೆಳೆತನದ ಇಂಗ್ಲಿಷ್. ಆ ಜಾಗವನ್ನು ಹಿಪ್‌ಹಾಪ್ ನುಡಿ ತುಂಬಿತು. ಸರ್, ಮೇಡಂ ಎಂಬ ಅಂತರವಿಲ್ಲದೆ, ಜಾತಿ ಊರು ಕೇಳದೆ, ಯಾರನ್ನಾದರೂ ‘ಬ್ರೋ’ ಎನ್ನಬಹುದು. ಹುಡುಗಿಯರೂ ಒಬ್ಬರನ್ನೊಬ್ಬರು ಹಾಗೇ ಕರೆಯುತ್ತಾರೆ. ಆರ್.ಟಿ. ನಗರ, ಗಂಗಾನಗರದ ಕಡೆ ದಖನಿಯ ‘ಭಾಯ್’, ಯಶವಂತಪುರದ ಕಡೆ ‘ಗುರು’, ‘ಶಿಷ್ಯ’ ಇದರ ಜೊತೆಗೇ ನಡೆದಿವೆ.

ಇದೇ ನೆಲದ ಇನ್ನೊಂದು ಘಟನೆಯನ್ನು ಈ ಚರಿತ್ರೆಯಿಂದ ಬಿಡಲಾಗದು. 2016ರ ಜನವರಿ 31ರಂದು ಹೆಸರಘಟ್ಟ ರಸ್ತೆಯ ಸೋಲದೇವನಹಳ್ಳಿಯ ಬಳಿ ಸೂಡಾನ್ ದೇಶದ ವಿದ್ಯಾರ್ಥಿಯೊಬ್ಬನ ಕಾರು ಬಡಿದು ಮಹಿಳೆಯೊಬ್ಬರು ತೀರಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಆ ದಾರಿಯಲ್ಲಿ ಬಂದ, ಅಪಘಾತಕ್ಕೆ ಯಾವ ಸಂಬಂಧವೂ ಇಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ಮಾಡಿ, ಅವಳಿದ್ದ ಕಾರಿಗೆ ಬೆಂಕಿ ಹಚ್ಚಿತು. ಬಂಧನಗಳಾದವು, ಪೊಲೀಸರು ಅಮಾನತಾದರು. ಕಪ್ಪು ಜನರ ಮಾತು ಊರಿನ ಹರೆಯದವರ ನಾಲಗೆಯ ಮೇಲಿದ್ದ ಕಾಲದಲ್ಲೇ ಕಪ್ಪು ಮೈಬಣ್ಣದ ನೆರೆಯವರಿಗೆ ಇದು ಆಯಿತು. ಹಾಡಿನ ಜೊತೆ ಹಾಡುತ್ತ, ಎನ್.ಡಬ್ಲ್ಯು.ಎ. ಹೆಸರಿನಲ್ಲಿದ್ದ ಆ ಬೈಗುಳದ ಶಬ್ದವನ್ನು ಸಲೀಸಾಗಿ ಆಡುವ ಮಕ್ಕಳಿಗೆ ಅದರ ಹಿಂದಿನ ರಕ್ತದ ಕಥೆಯನ್ನು ಶಾಲೆಗಳು ಹೇಳಿಕೊಡಬೇಕು.

ಕೊರಿಯಾದ ಮೂಲಕ

ಎರಡನೆಯ ಅಲೆ ಬಂದದ್ದು ಪೂರ್ವದಿಂದ. ದಕ್ಷಿಣ ಕೊರಿಯಾದಲ್ಲಿ 1992ರಲ್ಲಿ ಸಿಯೋ ತೈಜಿ ಮತ್ತು ಗೆಳೆಯರ ತಂಡ ರ‍್ಯಾಪನ್ನು ಜನಪ್ರಿಯಗೊಳಿಸಿತು. ಲಾಸ್ ಏಂಜಲೀಸ್‌ನಲ್ಲಿ ಬೆಳೆದ ಟೈಗರ್ ಜೆಕೆಯಂಥವರು ಅಲ್ಲಿನ ಬೀದಿ ಇಂಗ್ಲಿಷನ್ನು ಸೋಲ್‌ಗೆ ತಂದರು. ಕೊರಿಯನ್ ಹಿಪ್‌ಹಾಪ್‌ನಲ್ಲಿ ಕಪ್ಪು ಅಮೆರಿಕನ್ನರ ಇಂಗ್ಲಿಷ್ ಹೇಗೆ ಬಳಕೆಯಾಗುತ್ತದೆ ಎಂಬುದನ್ನು ಭಾಷಾವಿಜ್ಞಾನಿ ಜೇಮಿ ಶಿನ್ಹೀ ಲೀ ಅಭ್ಯಾಸ ಮಾಡಿದ್ದಾರೆ. 2013ರಲ್ಲಿ ಹಿಪ್‌ಹಾಪ್ ತಂಡವಾಗಿಯೇ ಹೊರಟ ಬಿಟಿಎಸ್‌ನ ಹಾಡುಗಳ ಮೂಲಕ ಅದೇ ಪದಗಳು ಸಹಕಾರ ನಗರದ ಹೈಸ್ಕೂಲು ಹುಡುಗಿಯರವರೆಗೂ ಬಂದವು. ಬ್ರಾಂಕ್ಸ್‌ನ ಹೆಸರು ಅವರಿಗೆ ತಿಳಿಯುವುದು ಆಮೇಲೆ.

ಕನ್ನಡಕ್ಕೆ ತಿರುಗಿದ್ದು

ಇಂಗ್ಲಿಷ್‌ನಲ್ಲಿ ನಾಲಗೆ ಪಳಗಿಸಿಕೊಂಡ ಊರಿನ ಹುಡುಗರಿಗೆ ಮನೆಯ ಮಾತಿಗೂ ಆ ಓಟ ಒಗ್ಗುತ್ತದೆ ಎಂದು ಗೊತ್ತಾಗಲು ಹೆಚ್ಚು ಕಾಲ ಬೇಕಾಗಲಿಲ್ಲ. ಅರ್ಬನ್ ಲ್ಯಾಡ್ಸ್ ತಂಡದ ಅಲೋಕ್, ಆಲ್ ಓಕೆ ಎಂಬ ಹೆಸರಿನಲ್ಲಿ ಕನ್ನಡ ರ‍್ಯಾಪನ್ನು ಯೂಟ್ಯೂಬಿನಲ್ಲಿ ಬೆಳೆಸಿದರು. ಚಂದನ್ ಶೆಟ್ಟಿ 2018ರ ಜನವರಿಯಲ್ಲಿ ಬಿಗ್‌ಬಾಸ್ ಗೆದ್ದಾಗ ಕನ್ನಡದ ರ‍್ಯಾಪರ್ ಹಳ್ಳಿಮನೆಗಳ ಟಿ.ವಿ.ಗೂ ಪರಿಚಿತರಾದರು. ರ‍್ಯಾಪ್ ಗಾಯಕಿ ಸಿರಿ, ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಹಾಡುತ್ತಾರೆ. ಗಂಡಸರೇ ತುಂಬಿದ ಈ ರಂಗದಲ್ಲಿ ಅವರ ದನಿಗೆ ತೂಕವಿದೆ. 2024ರ ಆಗಸ್ಟ್‌ನಲ್ಲಿ ತೆರೆಕಂಡ ದುನಿಯಾ ವಿಜಯ್ ಅವರ ‘ಭೀಮ’ ಚಿತ್ರಕ್ಕೆ ಚರಣ್ ರಾಜ್ ಸಂಗೀತದಲ್ಲಿ ಎಂ.ಸಿ. ಬಿಜ್ಜು, ರಾಹುಲ್ ಡಿಟ್-ಓ ಹಾಡಿದರು; ಬೆಂಗಳೂರಿನ ಏರಿಯಾ ಕನ್ನಡವೇ ಅಲ್ಲಿ ರ‍್ಯಾಪ್‌ನ ಭಾಷೆ. ಅದಕ್ಕೂ ಒಂದು ತಿಂಗಳ ಮೊದಲು, ಹ್ಯೂಸ್ಟನ್‌ನಲ್ಲಿ ಬೆಳೆದು ಬೆಂಗಳೂರಿನಲ್ಲಿ ನೆಲೆ ಕಂಡ ಮಲಯಾಳಿ ಹನುಮಾನ್‌ಕೈಂಡ್ ಅವರ ‘ಬಿಗ್ ಡಾಗ್ಸ್’ ಬಂದು, ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ 23ನೆಯ ಸ್ಥಾನಕ್ಕೇರಿತು.

2020ರ ಜೂನ್ ಕೊನೆಗೆ ಟಿಕ್‌ಟಾಕ್ ನಿಷೇಧವಾಗಿ ಇನ್‌ಸ್ಟಾಗ್ರಾಂ ರೀಲ್ಸ್ ಬಂದ ಮೇಲೆ ಪದಗಳ ಆಯುಸ್ಸು ಕಡಿಮೆಯಾಗಿದೆ. ಸ್ವ್ಯಾಗ್ ವರ್ಷಗಟ್ಟಲೆ ಬಾಳಿತು. ಲಿಟ್ ಬೇಗ ಸವೆಯಿತು. ಉಳಿಯುವ ಪದಗಳು ಕನ್ನಡದ ‘ಮಾಡು’ ಧಾತುವನ್ನು ಹಿಡಿದುಕೊಂಡವು: ‘ತುಂಬಾ ಫ್ಲೆಕ್ಸ್ ಮಾಡ್ತಾನೆ’, ‘ಸುಮ್ನೆ ಡಿಸ್ ಮಾಡ್ಬೇಡ’ (ಹೀಗಳೆಯಬೇಡ). ಹಾಗೆ ಬಂದವು ಹಳೆಯ ನುಡಿಗಟ್ಟುಗಳನ್ನು ಓಡಿಸಲಿಲ್ಲ. ಜಂಬ ತೋರುವವನು ಫ್ಲೆಕ್ಸ್ ಮಾಡುತ್ತಾನೆ, ಬಿಲ್ಡಪ್ಪೂ ಕೊಡುತ್ತಾನೆ. ಸುಳ್ಳು ಹೇಳುವವನಿಗೆ ಇಂಗ್ಲಿಷ್‌ನಲ್ಲಿ ‘ಕ್ಯಾಪ್’ ಎನ್ನುವ ಹುಡುಗಿಯೇ ಕನ್ನಡಕ್ಕೆ ಹೊರಳಿದಾಗ ‘ಕಾಗೆ ಹಾರಿಸ್ಬೇಡ’ ಎನ್ನುತ್ತಾಳೆ.