ಸಿಡುಬಿನ ಊರಿನಲ್ಲಿ ನಿಂತ ಗುರು

ಪೌರುಷವೆಂದರೆ ಆಳುವ ಶಕ್ತಿ, ರೋಗಿಯ ಪಕ್ಕದಲ್ಲಿ ಕೂರುವುದು ಹೆಂಗಸರ ಪಾಲಿನ ಕೆಲಸ ಎಂದು ನಮ್ಮ ಗಂಡಸರಲ್ಲಿ ಹಲವರು ಇಂದಿಗೂ ಭಾವಿಸಿರುವುದುಂಟು. ಸಂತ ಜೋಸೆಫ್ ವಾಜರ ಚರಿತ್ರೆಯನ್ನು ಅಂಥವರು ಅವಶ್ಯ ಓದಬೇಕೆಂಬುದು ನಮ್ಮ ಅಭಿಮತ.

1651ರಲ್ಲಿ ಗೋವೆಯ ಬೆಣಾವಲಿಯಲ್ಲಿ ಜನಿಸಿದ ಅವರು 1681ರಿಂದ 1684ರವರೆಗೆ ನಮ್ಮ ಕನ್ನಡ ಕರಾವಳಿಯಲ್ಲಿಯೇ ಕ್ರೈಸ್ತರ ಸೇವೆಯಲ್ಲಿದ್ದರು. 1687ರಲ್ಲಿ, ಡಚ್ಚರು ಕಥೋಲಿಕ ಗುರುಗಳನ್ನು ನಿಷೇಧಿಸಿದ್ದ ಸಿಂಹಳದೊಳಕ್ಕೆ ಕೂಲಿಯಾಳಿನ ವೇಷದಲ್ಲಿ ಪ್ರವೇಶಿಸಿದರು. 1692ರಲ್ಲಿ ಕ್ಯಾಂಡಿಯ ಅರಸನು ಅವರನ್ನು ಪೋರ್ಚುಗೀಸರ ಗೂಢಚಾರನೆಂದು ಶಂಕಿಸಿ ಸೆರೆಯಲ್ಲಿಟ್ಟನು.

1697ರಲ್ಲಿ ಅದೇ ಕ್ಯಾಂಡಿಗೆ ಸಿಡುಬು ಬಡಿಯಿತು. ಅರಸನು ಪಟ್ಟಣವನ್ನು ತೊರೆದನು. ಸ್ವಂತ ಮನೆಯವರೇ ರೋಗಿಗಳನ್ನು ಕಾಡಿನಲ್ಲಿ ಬಿಟ್ಟುಬಂದರು. ಹಿಂದೊಮ್ಮೆ ಸೆರೆಯಾಳಾಗಿದ್ದ ಗುರುಗಳು ಮಾತ್ರ ಕದಲಲಿಲ್ಲ. ತಮ್ಮ ಬಂಧುವೂ ಗುರುವೂ ಆಗಿದ್ದ ಜೋಸೆಫ್ ಕಾರ್ವಾಲೊ ಅವರೊಡಗೂಡಿ ರೋಗಿಗಳಿಗೆ ನೆರಳು ಕಲ್ಪಿಸಿ, ಅನ್ನವುಣಿಸಿ, ಹುಣ್ಣು ತೊಳೆದು, ಮೃತರನ್ನು ತಾವೇ ಹೂಳಿದರು. ಕ್ರೈಸ್ತರು, ಬೌದ್ಧರು ಎಂಬ ಭೇದವನ್ನು ಎಣಿಸಲಿಲ್ಲ. ಹಿಂದಿರುಗಿದ ಅರಸನು ಅವರನ್ನು ಗೌರವದಿಂದ ಕಂಡನು. ಆಯುಧವಿಲ್ಲದ ಈ ಮನುಷ್ಯನ ಮಾತಿಗೆ ಊರೇ ಕಿವಿಗೊಟ್ಟದ್ದರಲ್ಲಿ ಆಶ್ಚರ್ಯವೇನು?

1711ರಲ್ಲಿ ಅವರು ಕ್ಯಾಂಡಿಯಲ್ಲಿಯೇ ದೈವಾಧೀನರಾದರು. 2015ರ ಜನವರಿ 14ರಂದು ಜಗದ್ಗುರು ಫ್ರಾನ್ಸಿಸರು ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದರು. ಮಂಗಳೂರಿನ ಸಮೀಪದ ಮುಡಿಪಿನಲ್ಲಿರುವ ಅವರ ಪುಣ್ಯಕ್ಷೇತ್ರಕ್ಕೆ ಭಕ್ತರು ಇಂದಿಗೂ ಯಾತ್ರೆ ಹೋಗುತ್ತಾರೆ.