ಶಿರಾ ಸುಬಾ: ಎರಡು ಅಧಿಕಾರಗಳ ಆಳ್ವಿಕೆ

ತುಮಕೂರು ಜಿಲ್ಲೆಯ ಶಿರಾ ಇಂದು ಒಂದು ತಾಲ್ಲೂಕು ಕೇಂದ್ರ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಅದು ಮೊಗಲ್ ಸಾಮ್ರಾಜ್ಯದ ಒಂದು ಪ್ರಾಂತದ ರಾಜಧಾನಿಯಾಗಿತ್ತು. 1686ರಲ್ಲಿ ಬಿಜಾಪುರವು ಔರಂಗಜೇಬನ ವಶವಾಯಿತು. ಮರುವರ್ಷ ಅವನ ಸೇನಾನಿ ಖಾಸಿಂ ಖಾನನು ಈ ಪ್ರಾಂತದ ಆಡಳಿತವನ್ನು ವಹಿಸಿಕೊಂಡನು. ಬಸವಾಪಟ್ಟಣ, ಬೂದಿಹಾಳು, ಶಿರಾ, ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಎಂಬ ಏಳು ಪರಗಣೆಗಳು ನೇರ ಆಳ್ವಿಕೆಗೆ ಸೇರಿದವು. ಚಿತ್ರದುರ್ಗ, ಹರಪನಹಳ್ಳಿ, ಬಿದನೂರು, ಮೈಸೂರುಗಳು ಕಪ್ಪ ಕೊಡಬೇಕಾದ ಸಂಸ್ಥಾನಗಳೆನಿಸಿದವು.

ಬಾದಶಹನು ದೂರದಲ್ಲಿದ್ದು, ಸೈನ್ಯವೂ ಬೊಕ್ಕಸವೂ ಒಬ್ಬನ ಕೈಸೇರಿದರೆ ಪ್ರಾಂತಾಧಿಕಾರಿಯೇ ಅರಸನಾಗಿಬಿಡುವ ಭಯವಿತ್ತು. ಆದ್ದರಿಂದ ಮೊಗಲರು ಸೈನ್ಯ ಮತ್ತು ಶಾಂತಿಪಾಲನೆಯನ್ನು ಫೌಜುದಾರನಿಗೆ, ಕಂದಾಯವನ್ನು ದಿವಾನನಿಗೆ ವಹಿಸುತ್ತಿದ್ದರು. ಒಬ್ಬನ ಮೇಲೆ ಮತ್ತೊಬ್ಬನ ಕಣ್ಣಿರುವುದೇ ಈ ವ್ಯವಸ್ಥೆಯ ಮರ್ಮ.

ಕೆಳಗಿನ ಹಂತದಲ್ಲಿಯೂ ಇದೇ ನೀತಿ. ದೇಶಮುಖನು ಪಟೇಲರೊಡನೆ ಲೆಕ್ಕ ತೀರಿಸಿದರೆ, ದೇಶಪಾಂಡೆಯು ಕುಲಕರ್ಣಿಗಳ ಲೆಕ್ಕವನ್ನು ಪರಿಶೀಲಿಸುತ್ತಿದ್ದನು. ಮಜುಮದಾರನು ಕರಾರುಪತ್ರಗಳನ್ನು ಸಿದ್ಧಪಡಿಸುತ್ತಿದ್ದನು. ಕಾನೂನುಗೋ ಸರ್ಕಾರದ ನಿಯಮಗಳನ್ನು ದಾಖಲಿಸಿ, ನಾಡಿನ ಹಳೆಯ ರೂಢಿಗಳನ್ನು ಅಧಿಕಾರಿಗಳಿಗೂ ಪ್ರಜೆಗಳಿಗೂ ತಿಳಿಸುತ್ತಿದ್ದನು. ಗೆದ್ದವರು ಹೊಸಬರಾದರೂ ಊರಿನ ಪಟೇಲನನ್ನೂ ಲೆಕ್ಕಿಗನನ್ನೂ ಕದಲಿಸಲಿಲ್ಲ. ಅವರಿಲ್ಲದೆ ಕಂದಾಯವೇ ಹುಟ್ಟುತ್ತಿರಲಿಲ್ಲ. ರೈತನ ಪಾಲಿಗೆ ಬಾದಶಹನೆಂದರೆ ಹೆಸರು ಮಾತ್ರ. ಸರ್ಕಾರವೆಂದರೆ ತನ್ನೂರಿನ ಲೆಕ್ಕದ ಕಡತ.

ಈ ಏರ್ಪಾಡಿಗೆ ಆಧಾರವಾಗಿದ್ದುದು ಕೇಂದ್ರದ ಬಲ. 1707ರಲ್ಲಿ ಔರಂಗಜೇಬನು ತೀರಿಕೊಂಡ ಮೇಲೆ ಆ ಬಲ ಕುಗ್ಗಿತು. 1724ರ ನಂತರ ದಕ್ಷಿಣವು ನಿಜಾಮನ ಅಧೀನವಾಯಿತು. ದಿಲಾವರ್ ಖಾನನು ಸುಮಾರು ಮೂವತ್ತು ವರ್ಷ ಶಿರಾವನ್ನು ಆಳಿದನು. ಸುಬಾದ ಆರಂಭದಲ್ಲಿ ಖಾಸಿಂ ಖಾನನು ತಾನು ಗೆದ್ದ ಬೆಂಗಳೂರನ್ನು ಮೂರು ಲಕ್ಷ ರೂಪಾಯಿಗೆ ಚಿಕ್ಕದೇವರಾಜ ಒಡೆಯರಿಗೆ ಬಿಟ್ಟುಕೊಟ್ಟಿದ್ದನು. 1761ರಲ್ಲಿ ಬಸಾಲತ್ ಜಂಗನು ಹೈದರಾಲಿಗೆ ಶಿರಾದ ನವಾಬಗಿರಿಯನ್ನು ಕೊಟ್ಟದ್ದೂ ಮೂರು ಲಕ್ಷಕ್ಕೇ. ಆದರೆ ಆಗ ಶಿರಾ ಮರಾಠರ ಕೈಯಲ್ಲಿತ್ತು! ತನ್ನ ವಶದಲ್ಲಿಲ್ಲದ ನಾಡಿನ ಪದವಿಯನ್ನು ಮಾರುವಲ್ಲಿಗೆ ಮೊಗಲ್ ಅಧಿಕಾರ ಬಂದು ನಿಂತಿತ್ತು.

ಸುಬಾ ಅಳಿಯಿತು. 1696ರ ಜುಮ್ಮಾ ಮಸೀದಿ ಶಿರಾದಲ್ಲಿ ಉಳಿದಿದೆ. ದೇಶಪಾಂಡೆ, ಕುಲಕರ್ಣಿ, ಮಜುಮದಾರ ಎಂಬ ಅಧಿಕಾರನಾಮಗಳು ಮನೆತನದ ಹೆಸರುಗಳಾಗಿ ಇಂದಿಗೂ ಬಾಳುತ್ತಿವೆ. ಸಿಂಹಾಸನಕ್ಕಿಂತ ಲೆಕ್ಕದ ಕಡತಕ್ಕೇ ಆಯುಸ್ಸು ಹೆಚ್ಚು.